ಆಕಿ ಜ್ವಾಳದ ಹಿಟ್ಟು ಅಂತ ಎಲ್ಲಿ ಹೇಳಿದ್ಳು?

ಮಾನ್ಯ ಸಂಪಾದಕರೇ,

ಟಿವಿಯಲ್ಲಿ ದಿನವಿಡೀ ಸಾಮಾನು ಮಾರುವ ಚಾನೆಲ್‌ಗಳ ನಿರೂಪಕರ ಬಗ್ಗೆ ಹದಿನೈದು ದಿನದಿಂದ ನಿಮ್ಮ ಓದುಗರ ಅಂಕಣದಲ್ಲಿ ಜಗಳ ನಡೆದಿದೆ. ಸೇಡಂನ ಓದುಗರೊಬ್ಬರು ‘ಇವರ ಕಿರುಚಾಟಕ್ಕೆ ಕಿವಿ ತೂತು ಬಿದ್ದಿವೆ, ಮೊದಲು ಇವರ ಬಾಯಿ ಮುಚ್ಚಿಸಿ’ ಎಂದು ಬರೆದರು. ಅದಕ್ಕೆ ಹುಮನಾಬಾದಿನ ಸಹೋದರಿಯೊಬ್ಬರು ‘ಧಾರಾವಾಹಿಯ ಅತ್ತೆಯರಿಗಿಂತ ಇವರೇ ವಾಸಿ, ನಗುನಗುತ್ತಾ ಮಾತಾಡುತ್ತಾರೆ’ ಎಂದು ಉತ್ತರ ಕೊಟ್ಟರು. ಯಾದಗಿರಿಯ ಮೂರನೆಯವರು ನಿರೂಪಕಿಯರ ಉಡುಪಿನ ಮಾತೆತ್ತಿದರು. ಮೂರನ್ನೂ ಓದಿದ ಮೇಲೆ ನನಗೆ ಅನಿಸಿದ್ದು, ಇವರಲ್ಲಿ ಯಾರೂ ಒಂದು ದಿನವೂ ಗಿರಾಕಿಯ ಎದುರು ಕುಳಿತು ಮಾಲು ಮಾರಿದವರಲ್ಲ.

ನಾನು ಮಾರಿದ್ದೇನೆ. 1981ರಲ್ಲಿ, ಹದಿನೆಂಟನೇ ವಯಸ್ಸಿಗೆ, ಕಲಬುರಗಿಯ ಕಪಡಾ ಬಜಾರಿನ ಒಂದು ಸೀರೆ ಅಂಗಡಿಯ ಗಾದಿ ಏರಿದವನು 2019ರಲ್ಲಿ ಮೊಣಕಾಲು ಸೋತ ಮೇಲೆಯೇ ಇಳಿದದ್ದು. ದಿನಕ್ಕೆ ಹತ್ತು ತಾಸು ಕಾಲು ಮಡಚಿ ಕುಳಿತು ಸೀರೆ ಬಿಚ್ಚಿ, ಮಡಚಿ, ಮತ್ತೆ ಬಿಚ್ಚಿದ ಕೈ ಇದು. ಐವತ್ತು ಸೀರೆ ಹರವಿಸಿ ‘ನಾಳಿ ಬರ್ತೀವ್ರಿ’ ಅಂತ ಎದ್ದು ಹೋಗುವವರ ಬೆನ್ನಿಗೂ ನಗುಮುಖ ತೋರಿಸುವ ಕಷ್ಟ ಉಂಡವನಿಗೇ ಗೊತ್ತು. ಹಾಗಾಗಿ ಟಿವಿಯಲ್ಲಿ ಮಾರುವವರನ್ನು ನಾನು ನೋಡುವುದು ಎದುರಿನ ಅಂಗಡಿಯ ಗುಮಾಸ್ತನನ್ನು ನೋಡಿದ ಹಾಗೆ. ಕೈ ಹೇಗೆ ಓಡುತ್ತದೆ, ಬೆಲೆ ಯಾವಾಗ ಬಾಯಿಗೆ ಬರುತ್ತದೆ, ಮಾಲಿನ ಯಾವ ಮಗ್ಗುಲು ಮುಚ್ಚಿಡುತ್ತಾರೆ, ನನ್ನ ಕಣ್ಣು ಹೋಗುವುದು ಅಲ್ಲಿಗೇ.

ಬ್ರಹ್ಮಪುರದ ನಮ್ಮ ಮನೆಯಲ್ಲೇ ಈ ವಿಷಯಕ್ಕೆ ಮೂರು ಪಕ್ಷಗಳಿವೆ. ನಮ್ಮ ಮನೆಯವಳು ಮಧ್ಯಾಹ್ನದ ಅಡುಗೆ ಮುಗಿಸಿ, ತೊಗರಿ ಹಸನು ಮಾಡುತ್ತಾ ಈ ಚಾನೆಲ್ ಹಾಕುತ್ತಾಳೆ. ಅವಳಿಗೆ ಒಬ್ಬಳು ನಿರೂಪಕಿ ಅಂದರೆ ಪ್ರಾಣ. ದೊಡ್ಡ ಹಣೆ, ಅಗಲ ಕುಂಕುಮ, ಮಾತಿಗೊಮ್ಮೆ ‘ಅಕ್ಕಾ’ ಅನ್ನುವವಳು. ಅದೇ ಚಾನೆಲ್‌ನಲ್ಲಿ ಕೋಟು ಹಾಕಿಕೊಂಡು ‘ಇನ್ನು ಐದೇ ನಿಮಿಷ’ ಎಂದು ಬೆರಳು ತೋರಿಸುವ ಗಂಡಸು ಬಂದರೆ ರಿಮೋಟ್ ಹುಡುಕುತ್ತಾಳೆ. ‘ಇಂವಾ ಏನ್ ಸಾಲ ವಸೂಲಿಗಿ ಬಂದಾನೇನು? ಹ್ಯಾಂಗ ಕಣ್ಣ ಬಿಡ್ತಾನ ನೋಡ್ರಿ’ ಅನ್ನುತ್ತಾಳೆ. ಮಗನಿಗೆ ಇಬ್ಬರೂ ಒಂದೇ, ಇಬ್ಬರೂ ಕಳ್ಳರು. ಸೊಸೆ ಸಾಲಿಯಲ್ಲಿ ಟೀಚರ್, ಅವಳ ದಾರಿಯೇ ಬೇರೆ. ಟಿವಿಯ ಧ್ವನಿ ತೆಗೆದು ಚಿತ್ರ ಮಾತ್ರ ನೋಡುತ್ತಾಳೆ. ‘ಆವಾಜ್ ತಗದ್ರ ಖರೇ ಸಾಮಾನ ಕಾಣಸ್ತದ ಮಾಮಾ’ ಎಂದು ಒಂದು ದಿನ ನನಗೂ ಹೇಳಿಕೊಟ್ಟಳು.

ಆ ಮಾತು ಪರೀಕ್ಷಿಸಲು ನನಗೆ ಒಳ್ಳೆಯ ಸಂದರ್ಭವೇ ಸಿಕ್ಕಿತು. ಅವತ್ತು ಕುಂಕುಮದ ಹುಡುಗಿ ಇಳಕಲ್ ಸೀರೆ ಎಂದು ಒಂದನ್ನು ತೋರಿಸುತ್ತಿದ್ದಳು. ಧ್ವನಿ ತೆಗೆದೆ. ಹುಡುಗಿಯ ಕೈ ಒಳ್ಳೆಯ ಕೈ, ಅದನ್ನು ಒಪ್ಪಬೇಕು. ಎರಡೇ ಬೆರಳಿನಿಂದ ದಡಿ ಹಿಡಿದು, ಮುಂಗೈ ಒಂದು ಸಲ ಝಾಡಿಸಿ, ಸೆರಗನ್ನು ಎಡ ಹೆಗಲಿಗೆ ಹಾರಿಸಿದಳು. ಅದನ್ನು ಕಲಿಯಲು ನನಗೆ ಎರಡು ವರ್ಷ ಹಿಡಿದಿತ್ತು. ಕೆಂಪು ಸೆರಗು, ಅದರಲ್ಲಿ ಕೋಟೆಯ ತೆನೆಯಂಥ ಬಿಳಿ ಟೋಪ ತೆನಿ, ನೋಡಲು ಎಲ್ಲ ಸರಿ. ಆದರೆ ಸೆರಗು ಹಾರುವಾಗ ಒಂದು ಕ್ಷಣ ಒಳಮಗ್ಗುಲು ತಿರುಗಿತು. ಕೈಮಗ್ಗದ ಇಳಕಲ್ ಸೀರೆಯಲ್ಲಿ ಒಡಲಿನ ಎಳೆಗಳಿಗೆ ಸೆರಗಿನ ರೇಷ್ಮೆ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಕೂಡಿಸಿರುತ್ತಾರೆ. ಒಡಲು, ಸೆರಗು ಕೂಡುವಲ್ಲಿ ಬೆರಳಾಡಿಸಿದರೆ ಒಂದು ಸಣ್ಣ ಏರು ಸಿಗುತ್ತದೆ. ನಮ್ಮ ಹೆಣ್ಣುಮಕ್ಕಳು ಕಣ್ಣು ಮುಚ್ಚಿಕೊಂಡೇ ಅದನ್ನು ಹುಡುಕುತ್ತಾರೆ. ಆ ಸೀರೆಯಲ್ಲಿ ಕೂಡು ಇರಲಿಲ್ಲ, ಎಳೆಗಳು ಒಡಲಿನಿಂದ ಸೆರಗಿಗೆ ನೇರ ಹರಿದಿದ್ದವು. ಯಂತ್ರದ ಮಗ್ಗದ ಮಾಲು, ಮೇಲೆ ಇಳಕಲ್ಲಿನ ವೇಷ. ಧ್ವನಿ ಮತ್ತೆ ಹಾಕಿದಾಗ ಹುಡುಗಿ ‘ನೇಕಾರರ ಕೈಚಳಕ’ ಅನ್ನುತ್ತಿದ್ದಳು.

ಅವಳಿಗೆ ಅದು ಗೊತ್ತಿತ್ತೇ? ಗೊತ್ತಿರಲಿಕ್ಕಿಲ್ಲ. ಮುಂಜಾನೆ ಚಾಕು ಮಾರಿದವಳು ಮಧ್ಯಾಹ್ನ ಸೀರೆ ಮಾರಿ ಸಂಜೆಗೆ ನೆಲ ಒರೆಸುವ ಕೋಲು ಮಾರಬೇಕು. ಒಂದೇ ಮಾಲಿನಲ್ಲಿ ಮೂವತ್ತೆಂಟು ವರ್ಷ ಕಳೆದ ನನಗೇ ಬನಾರಸಿಯಲ್ಲಿ ಮೋಸ ಹೋದ ದಿನಗಳುಂಟು. ಅವಳ ಎದುರು ಬರೆದಿಟ್ಟದ್ದನ್ನು ಅವಳು ಹೇಳುತ್ತಾಳೆ. ಇನ್ನೊಂದು ಮಾತು. ನಮ್ಮ ಅಂಗಡಿಯಲ್ಲಿ ಟ್ಯೂಬ್‌ಲೈಟಿನ ಕೆಳಗೆ ಬಣ್ಣ ಒಂದು ಥರ ಕಂಡರೆ ‘ಬರ್ರಿ ಅವ್ವಾರ, ಬಿಸಲಿಗಿ ಹಿಡಿದು ನೋಡ್ರಿ’ ಎಂದು ಸೀರೆಯನ್ನು ಬಾಗಿಲಿಗೆ ಒಯ್ಯುತ್ತಿದ್ದೆವು. ಟಿವಿಯ ಅಂಗಡಿಗೆ ಬಾಗಿಲೇ ಇಲ್ಲ.

ಈಗ ನನ್ನ ಸ್ವಂತ ದೂರು. ಕಳೆದ ವರ್ಷ ದೀಪಾವಳಿಯ ಹಿಂದೆಮುಂದೆ ನಮ್ಮ ಮನೆಯವಳು ಕರೆಂಟಿನ ರೊಟ್ಟಿ ಯಂತ್ರ ತರಿಸಿದಳು. ಕುಂಕುಮದ ಹುಡುಗಿ ಹಿಟ್ಟಿನ ಉಂಡೆ ಇಟ್ಟು ಮೇಲಿನ ಮುಚ್ಚಳ ಒತ್ತುತ್ತಾಳೆ, ಎತ್ತಿದರೆ ದುಂಡಗೆ ಹರಡಿದೆ. ಅರ್ಧ ನಿಮಿಷಕ್ಕೆ ಅದು ಉಬ್ಬಿ ಬುಗ್ಗೆಯಾಗುತ್ತದೆ. ಬೆಲೆ 4,999 ಅಂತ ಮೊದಲು ಬಂತು, ಅದರ ಮೇಲೆ ಕೆಂಪು ಗೀಟು ಬಿತ್ತು, 2,999 ಆಯಿತು, ಮತ್ತೆ ಗೀಟು, ‘ಬರೇ 1,999’. ನಮ್ಮಲ್ಲೂ ಹೇಳೋ ರೇಟು ಬೇರೆ, ಕೊಡೋ ರೇಟು ಬೇರೆ ಇರುತ್ತದೆ. ಆದರೆ ನಡುವೆ ಚೌಕಾಶಿ ಮಾಡುವುದು ಗಿರಾಕಿ. ಇಲ್ಲಿ ಅವರೇ ಹೇಳಿ, ಅವರೇ ಚೌಕಾಶಿ ಮಾಡಿ, ಅವರೇ ಸೋತು, ನಮಗೆ ಗೆದ್ದ ಖುಷಿ ಕೊಡುತ್ತಾರೆ! ಈ ವಿದ್ಯೆ ನನಗೆ ಮೊದಲೇ ಗೊತ್ತಿದ್ದರೆ ನಮ್ಮ ಸಾಹುಕಾರರು ಎರಡು ಅಂಗಡಿ ಹೆಚ್ಚಿಗೆ ಹಾಕುತ್ತಿದ್ದರು.

ಡಬ್ಬಿ ಬಂತು. ರೊಕ್ಕ ಎಣಿಸಿ ಕೊಟ್ಟ ಮೇಲೆಯೇ ಒಡೆಯಬೇಕು ಎಂದ ಡೆಲಿವರಿ ಹುಡುಗ. ಮರುದಿನ ಜೋಳದ ಹಿಟ್ಟಿಗೆ ಎಸರು ಹಾಕಿ ನಾದಿ, ಉಂಡೆ ಮಾಡಿ ಯಂತ್ರದಲ್ಲಿಟ್ಟು ಒತ್ತಿದಳು. ಪಟಾಕಿಯಂಥ ಒಂದು ಸದ್ದು. ಮುಚ್ಚಳ ತೆಗೆದು ನೋಡಿದರೆ ನಡುವೆ ಹಿಟ್ಟು ಬಿರಿದು ನಾಲ್ಕು ದಿಕ್ಕಿಗೆ ಚದುರಿದೆ. ಅಂಚಿನಲ್ಲಿ ಹಸಿ, ನಡುವೆ ಕರಿ. ಇನ್ನೊಂದು ಉಂಡೆ, ಅದರ ಗತಿಯೂ ಅದೇ. ಎಂಟು ಉಂಡೆ ಹೋದವು. ಗೋಧಿ ಹಿಟ್ಟಿಗೆ ಅಂಟಿನ ಗುಣ ಇದೆ, ಒತ್ತಿದರೆ ಹಿಗ್ಗುತ್ತದೆ. ಜೋಳಕ್ಕೆ ಅದಿಲ್ಲ. ಬಿಸಿನೀರಿನಿಂದ ಬಂದ ಜಿಗಿ ಮಾತ್ರ ಅದಕ್ಕಿರುವ ಆಸರೆ, ಅದಕ್ಕೇ ನಮ್ಮವರು ಅದನ್ನು ಲಟ್ಟಿಸದೆ ಅಂಗೈಯಿಂದ ಬಡಿಯುವುದು. ಕಲಬುರಗಿಯ ಮನೆಗೆ ಗೋಧಿಯ ಯಂತ್ರ ಮಾರುವುದೆಂದರೆ ಭೀಮಾ ನದಿಯಲ್ಲಿ ದೋಣಿ ಬೇಕೆಂದವನಿಗೆ ಬಂಡಿ ಕೊಟ್ಟಂತೆ.

ವಾಪಸ್ ಕೊಡಲು ಫೋನ್ ಹಚ್ಚಿದೆವು. ಒಂದು ಒತ್ತಿ, ಎರಡು ಒತ್ತಿ, ಆಮೇಲೆ ಹಾಡು. ಮೂರನೇ ದಿನ ಒಬ್ಬ ಮನುಷ್ಯನ ಧ್ವನಿ ಸಿಕ್ಕಿತು, ಅದೂ ಹಿಂದಿಯಲ್ಲಿ. ‘ಯಂತ್ರ ಕೆಟ್ಟಿದೆಯಾ?’ ಅಂದ. ಕೆಟ್ಟಿಲ್ಲ ಅಂದೆ. ‘ಕೆಟ್ಟಿಲ್ಲದಿದ್ದರೆ ವಾಪಸ್ ಇಲ್ಲ’ ಅಂದು ಇಟ್ಟ. ನಾನು ಸಿಟ್ಟಿನಲ್ಲಿ ಆ ಕುಂಕುಮದ ಹುಡುಗಿಗೆ ಎರಡು ಮಾತು ಅಂದೆ. ಪರಾತದ ಹಿಟ್ಟು ಕೆರೆಯುತ್ತಿದ್ದ ನಮ್ಮ ಮನೆಯವಳು ತಲೆ ಎತ್ತದೆ ಹೇಳಿದಳು: ‘ಆಕಿಗ್ಯಾಕ ಬೈತೀರಿ? ಆಕಿ ಜ್ವಾಳದ ಹಿಟ್ಟು ಅಂತ ಎಲ್ಲಿ ಹೇಳಿದ್ಳು?’

ಯಂತ್ರ ಈಗ ಕಪಾಟಿನ ಮೇಲಿದೆ. ಆ ಪ್ರಶ್ನೆ ಮಾತ್ರ ಕೆಳಗೇ ಉಳಿದಿದೆ. ಸಂಪಾದಕರೇ, ಇದೇ ನೋಡಿ ಭೇದ. ಒಂದೇ ಮನೆ, ಒಂದೇ ಯಂತ್ರ, ಒಂದೇ ಹುಡುಗಿ. ನನಗೆ ಅವಳು ಅರ್ಧ ಸತ್ಯ ಹೇಳಿದವಳು. ಅಂಥ ಅರ್ಧ ಸತ್ಯ ನಾನೂ ಎಷ್ಟು ಹೇಳಿಲ್ಲ! ನಮ್ಮ ಮನೆಯವಳಿಗೆ ಅವಳು ಹೇಳಿದ್ದಷ್ಟು ಖರೆ, ಕೇಳದೇ ಕೊಂಡದ್ದು ತನ್ನ ತಪ್ಪು.

ಹಿರಿಯರು ಇವರನ್ನು ಹೀಗೆ ನಂಬುವುದಕ್ಕೆ ನಮ್ಮ ಜಿಲ್ಲೆಯಲ್ಲಿ ಒಂದು ಬೇರೆಯೇ ಕಾರಣ ಇದೆ ಎಂದು ನನ್ನ ಎಣಿಕೆ. ಬೆಂಗಳೂರಿಗೆ ದೂರದರ್ಶನ ಬರುವ ಎಷ್ಟೋ ಮೊದಲೇ ನಾವು ಟಿವಿ ಕಂಡವರು. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ಅಮೆರಿಕದ ಉಪಗ್ರಹವೊಂದರ ಮೂಲಕ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಟಿವಿ ತೋರಿಸಿದ ‘ಸೈಟ್’ ಪ್ರಯೋಗದಲ್ಲಿ ನಮ್ಮ ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳಿದ್ದವು. ನನಗಾಗ ಹನ್ನೆರಡು ವರ್ಷ. ಪಕ್ಕದ ಊರಿನ ಸಾಲಿಯ ಮುಂದೆ ಕೋಳಿಗೂಡಿನ ಜಾಲಿಯಂಥ ತಂತಿಯ ದೊಡ್ಡ ಛತ್ರಿ ಆಕಾಶ ನೋಡುತ್ತಾ ನಿಂತಿತ್ತು. ಸಂಜೆಗೆ ಕಂದೀಲು ಹಿಡಿದು ನಡೆದು ಹೋಗಿ ನೆಲದ ಮೇಲೆ ಕೂರುತ್ತಿದ್ದೆವು. ಬೀಜಕ್ಕೆ ಔಷಧ ಹಚ್ಚುವುದು, ಕೂಸಿಗೆ ಭೇದಿಯಾದರೆ ಏನು ಮಾಡುವುದು, ದನದ ರೋಗ, ಇವೇ ಕಾರ್ಯಕ್ರಮ. ಒಂದು ಚಿತ್ರಕ್ಕೆ ಎರಡು ಭಾಷೆಯ ಧ್ವನಿ ಕಳಿಸುವ ಏರ್ಪಾಡು ಆಗಲೇ ಇತ್ತು, ತೆಲುಗು ತುಟಿಗೆ ಕನ್ನಡ ಮಾತು ಕೂಡಿಸಿದ್ದನ್ನು ನಾವು ಅಂದೇ ನೋಡಿದ್ದೇವೆ. ಇವತ್ತಿನ ಮಾರಾಟದ ಚಾನೆಲ್‌ನಲ್ಲಿ ಹಿಂದಿ ತುಟಿಗೆ ‘ಗ್ರಾಹಕರೇ ತ್ವರೆ ಮಾಡಿ’ ಎಂಬ ಪುಸ್ತಕದ ಕನ್ನಡ ಅಂಟಿಸಿದಾಗ ನನಗೆ ಅದೇ ನೆನಪಾಗುತ್ತದೆ. ಆ ಒಂದು ವರ್ಷ ಟಿವಿಯೊಳಗಿನ ಮನುಷ್ಯ ನಮ್ಮಿಂದ ನಾಕಾಣೆ ಕೇಳಲಿಲ್ಲ. ಅವನು ಹೇಳಿದ್ದು ಡಾಕ್ಟರ್ ಹೇಳಿದ ಹಾಗೆ, ಮಾಸ್ತರ್ ಹೇಳಿದ ಹಾಗೆ. ನಮ್ಮ ಅವ್ವ ಸಾಯುವವರೆಗೂ ‘ಟಿವ್ಯಾಗ ಹೇಳ್ಯಾರ’ ಅಂದರೆ ವಾದ ಮುಗಿಯಿತು ಎನ್ನುತ್ತಿದ್ದಳು. ಆ ನಂಬಿಕೆಯ ಮೇಲೆ ಇವತ್ತು ರೊಟ್ಟಿ ಯಂತ್ರ ಮಾರಾಟವಾಗುತ್ತಿದೆ.

ಇದೇ ಮಾತನ್ನು ಜಾತ್ರೆಯಲ್ಲಿ ಕೇಳಿದರೆ ಯಾರೂ ನಂಬುವುದಿಲ್ಲ, ಅದೂ ವಿಚಿತ್ರ. ಹೋಳಿ ಮುಗಿದ ಮೇಲೆ ನಡೆಯುವ ಶರಣಬಸವೇಶ್ವರರ ಜಾತ್ರೆಯಲ್ಲಿ ಕೊರಳಿಗೆ ಮೈಕ್ ಕಟ್ಟಿಕೊಂಡು ತರಕಾರಿ ಹೆಚ್ಚುವ ಸಾಧನ ಮಾರುವವನನ್ನು ನೋಡದವರು ಯಾರು? ಅವನ ಕೈಯಲ್ಲಿ ಗಜ್ಜರಿ ಹೂವಾಗುತ್ತದೆ, ಮನೆಗೆ ತಂದರೆ ಗಜ್ಜರಿಯ ಬದಲು ಬೆರಳು ಹೋಗುತ್ತದೆ. ಎಲ್ಲರಿಗೂ ಗೊತ್ತು. ಆದರೂ ಸುತ್ತ ನಿಂತು ಅರ್ಧ ತಾಸು ನೋಡುತ್ತಾರೆ, ನಗುತ್ತಾರೆ, ಒಬ್ಬಿಬ್ಬರು ಕೊಳ್ಳುತ್ತಾರೆ. ಅವನ ಮಾತು ಆಟ ಅಂತ ನೋಡುವವರಿಗೂ ಅವನಿಗೂ ಗೊತ್ತಿರುತ್ತದೆ. ಸೇಡಂನ ಓದುಗರು ಟಿವಿಯಲ್ಲಿ ಕಿರುಚುವವನನ್ನು ಜಾತ್ರೆಯವನೆಂದು ತಿಳಿದು ನೋಡಲಿ, ಅರ್ಧ ತಲೆನೋವು ಅಲ್ಲೇ ಇಳಿಯುತ್ತದೆ.

ನನ್ನ ತಂಗಿಯ ಮಗ ಬೆಂಗಳೂರಿನಲ್ಲಿ ಜಾಹೀರಾತಿನ ಕೆಲಸದಲ್ಲಿದ್ದಾನೆ. ಈ ವ್ಯಾಪಾರ ಹುಟ್ಟಿದ ಕಥೆ ಅವನು ಹೇಳಿದ್ದು. 1977ರಲ್ಲಿ ಅಮೆರಿಕದ ಫ್ಲಾರಿಡಾದ ಒಂದು ರೇಡಿಯೊ ಕೇಂದ್ರಕ್ಕೆ ಜಾಹೀರಾತಿನ ಬಾಕಿ ಕೊಡಬೇಕಾದವನ ಹತ್ತಿರ ರೊಕ್ಕ ಇರಲಿಲ್ಲವಂತೆ. ಬದಲಿಗೆ ಡಬ್ಬಿಯ ತಗಡು ಕೊಯ್ಯುವ ಹಸಿರು ಬಣ್ಣದ 112 ಸಾಧನಗಳನ್ನು ಕೊಟ್ಟನಂತೆ. ಅಲ್ಲಿನ ನಿರೂಪಕ ಬಾಬ್ ಸರ್ಕೋಸ್ಟಾ ಅದನ್ನು ಮೈಕಿನಲ್ಲೇ ಹೇಳಿ ಮಾರಿದ. ಅದೇ ಮುಂದೆ 1982ರಲ್ಲಿ ಟಿವಿ ಚಾನೆಲ್ ಆಯಿತು. 1986ರಲ್ಲಿ ಅದಕ್ಕೆ ಎದುರಾಗಿ ಕ್ಯುವಿಸಿ ಎಂಬ ಇನ್ನೊಂದು ಮಾರಾಟದ ಚಾನೆಲ್ ಬಂತು. ನಮ್ಮ ದೇಶದಲ್ಲಿ ಇಡೀ ದಿನ ಮಾರುವ ಚಾನೆಲ್ ಶುರುವಾದದ್ದು 2008ರಲ್ಲಿ. ಬಾಕಿ ವಸೂಲಿಗೆ ಬಂದ ಮಾಲು ಮಾರಲು ಕೂತವನಿಂದ ಹುಟ್ಟಿದ ಕಸುಬು ಎಂದಾಗ ನನಗೆ ನಗು ಬಂತು. ದೀಪಾವಳಿ ಮುಗಿದ ಮೇಲೆ ಉಳಿದ ಮಾಲನ್ನು ನಮ್ಮ ಸಾಹುಕಾರರು ನನ್ನ ಕಡೆಗೇ ತಳ್ಳುತ್ತಿದ್ದರು.

ಅವನು ಹೇಳಿದ್ದರಲ್ಲಿ ನನಗೆ ಹಿಡಿಸಿದ್ದು ಬೇರೆ. ಆ ಕ್ಯುವಿಸಿಯಲ್ಲಿ ನಿರೂಪಕರು ನೇರ ಪ್ರಸಾರದಲ್ಲಿ ಕೂರುತ್ತಾರೆ. ಮಾಲು ಕೊಂಡವರು ಫೋನ್ ಮಾಡಿದರೆ ಎಲ್ಲರೂ ಕೇಳುವ ಹಾಗೆ ಅವರೊಂದಿಗೆ ಮಾತಾಡುತ್ತಾರೆ. ಮಾಲು ಹಿಡಿಸದಿದ್ದರೆ 30 ದಿನದಲ್ಲಿ ವಾಪಸ್ ಕೊಡಬಹುದು. ಅಲ್ಲಿಯ ನೋಡುಗರೂ ನಮ್ಮ ಹಾಗೆ ಎರಡು ಪಕ್ಷವಂತೆ. ಒಬ್ಬ ನಿರೂಪಕಿ ತನ್ನ ಮಕ್ಕಳ ಕಥೆ ಹೇಳಿದರೆ ಅರ್ಧ ಜನಕ್ಕೆ ಅವಳು ಮನೆಮಗಳು, ಇನ್ನರ್ಧಕ್ಕೆ ‘ಸಾಮಾನಿನ ಬಗ್ಗೆ ಹೇಳಮ್ಮಾ’ ಎಂಬ ಸಿಟ್ಟು.

ಇಲ್ಲಿ ನನ್ನದೇ ಒಂದು ಸಂಗತಿ ಹೇಳಬೇಕು, ಹೇಳದಿದ್ದರೆ ಈ ಪತ್ರ ಬರೆಯುವ ಹಕ್ಕು ನನಗಿಲ್ಲ. 1990ರ ದಶಕದ ಆರಂಭ. ಸಾಹುಕಾರರು ಸೂರತ್ತಿನಿಂದ ಅಗ್ಗದ ಲಾಟೊಂದನ್ನು ತರಿಸಿದ್ದರು, ಗಾಢ ಕೆಂಪು. ‘ಪಕ್ಕಾ ಬಣ್ಣ ಅಂತ ಹೇಳಿ ತಗಿ’ ಎಂದರು. ಜೇವರ್ಗಿ ಕಡೆಯ ಒಬ್ಬ ತಾಯಿ ಮಗಳ ಮದುವೆಗೆ ಬಂದವಳು ಮೂರು ಸಲ ಕೇಳಿದಳು, ಬಣ್ಣ ಬಿಡ್ತದೇನು ಅಂತ. ನಾನು ಎದೆ ಮುಟ್ಟಿಕೊಂಡು ‘ನನ್ನ ಜವಾಬ್ದಾರಿರೀ ಅವ್ವಾರ’ ಅಂದೆ. ಐದು ಸೀರೆ ಒಯ್ದಳು. ತಿಂಗಳ ಮೇಲೆ ಒಂದು ಮಧ್ಯಾಹ್ನ ಅಂಗಡಿ ತುಂಬಿದಾಗ ಬಂದಳು. ಕೂಗಲಿಲ್ಲ. ಗಂಟು ಬಿಚ್ಚಿ ಗಾದಿಯ ಮೇಲಿಟ್ಟಳು. ಒಂದೇ ನೀರಿಗೆ ಕೆಂಪು ಇಳಿದು ಹಳದಿ ದಡಿಯೆಲ್ಲ ರಕ್ತ ಬಿದ್ದ ಹಾಗಾಗಿತ್ತು. ‘ನೀನಾ ಹೇಳಿದ್ದಿ ಅಲ್ಲೇನೋ ತಮ್ಮಾ?’ ಅಂದಳು ಅಷ್ಟೇ. ಸಾಹುಕಾರರು ಖಾತೆಪುಸ್ತಕದಲ್ಲಿ ಮುಖ ಹುದುಗಿಸಿದರು. ಸೀರೆ ಬದಲಿಸಿ ಕೊಟ್ಟೆವು, ಅದರ ರೊಕ್ಕ ಎಂಟು ತಿಂಗಳು ನನ್ನ ಪಗಾರದಲ್ಲಿ ಕಡಿತವಾಯಿತು. ಅದರ ನಂತರ ಯಾವ ಗಾಢ ಬಣ್ಣದ ಸೀರೆಯನ್ನೂ ನಾನು ದಡಿಯ ಮೂಲೆ ಎಂಜಲು ಹಚ್ಚಿ, ಬಿಳಿ ಕರ್ಚೀಫಿಗೆ ಒತ್ತಿ ನೋಡದೆ ತೋರಿಸಿದ್ದಿಲ್ಲ. ಸಾಹುಕಾರರಿಗೆ ಅದು ಸೇರುತ್ತಿರಲಿಲ್ಲ.

ಆ ತಾಯಿಗೆ ನನ್ನ ಮುಖ ಸಿಕ್ಕಿತ್ತು. ನಮ್ಮ ಮನೆಯವಳಿಗೆ ಸಿಕ್ಕದ್ದು ಹಾಡು ಮತ್ತು ಹಿಂದಿ. ಕುಂಕುಮದ ಹುಡುಗಿಗೆ ಯಾರೂ ಗಂಟು ಬಿಚ್ಚಿ ತೋರಿಸುವುದಿಲ್ಲ. ಜೋಳದ ಹಿಟ್ಟು ಬಿರಿದದ್ದು ಅವಳಿಗೆ ಗೊತ್ತೇ ಆಗುವುದಿಲ್ಲ. ಗೊತ್ತಾಗದ ಹಾಗೆ ಅವಳನ್ನು ಕೂರಿಸಿದವರ ಮೇಲೆ ನನ್ನ ಸಿಟ್ಟು. ಅವಳ ಸೀರೆ ರವಿಕೆಯ ಮೇಲೆ ಬರೆಯುವ ಯಾದಗಿರಿಯ ಓದುಗರು, ಅವಳಿಗೆ ಆ ಉಡುಪು ಆರಿಸಿಕೊಟ್ಟವರು ಯಾರು ಎಂದು ಒಮ್ಮೆ ಕೇಳಿಕೊಳ್ಳಲಿ.

ಕಾನೂನು ಇಲ್ಲವೆಂದಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೆ ತಯಾರಕರಿಗೂ ಅದನ್ನು ಅನುಮೋದಿಸಿದವರಿಗೂ 10 ಲಕ್ಷ ರೂಪಾಯಿವರೆಗೆ ದಂಡ ಇದೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ. ಮಂತ್ರದ ಯಂತ್ರ, ತಾಯಿತ ಮಾರುವ ಟಿವಿ ಜಾಹೀರಾತು ಕಾನೂನುಬಾಹಿರ ಎಂದು ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ 2021ರ ಜನವರಿಯಲ್ಲಿ ಹೇಳಿತು. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಡಬಹುದು, ಕನ್ನಡದಲ್ಲೂ. ನಾವು ಕೊಡಲಿಲ್ಲ. ನಮ್ಮ ಮನೆಯವಳು ಬಿಡಲಿಲ್ಲ, ‘ಆ ಹುಡುಗಿ ನೌಕರಿಗಿ ಕುತ್ತು ಬಂದೀತು’ ಅಂತ!

ಇನ್ನು ಉಳಿದದ್ದು ನಮ್ಮ ಓಣಿಯ ಮಾವಶಿಯ ವಿಚಾರ. ವಯಸ್ಸು ಎಂಬತ್ತು ದಾಟಿದೆ. ಮಕ್ಕಳಿಬ್ಬರೂ ಪುಣೆಯಲ್ಲಿ. ರಾತ್ರಿ ನಿದ್ದೆ ಬರುವುದಿಲ್ಲ, ಈ ಚಾನೆಲ್ ಹಾಕಿಕೊಂಡು ಮಲಗುತ್ತಾಳೆ. ಇವತ್ತಿನವರೆಗೆ ಒಂದು ಸೂಜಿಯನ್ನೂ ಕೊಂಡಿಲ್ಲ. ‘ಸುದ್ದಿ ಹಾಕಿದ್ರ ಎದಿ ಹೊಡಕೋತದ, ಸೀರಿಯಲ್ ಹಾಕಿದ್ರ ಅಳು ಬರ್ತದ. ಈ ಹುಡುಗ್ಯಾರು ಏನರೆ ಒಂದು ಮಾತಾಡ್ಕೋತ ಇರ್ತಾರ, ಮನ್ಯಾಗ ಮಂದಿ ಇದ್ದಂಗ ಆಗ್ತದ’ ಅನ್ನುತ್ತಾಳೆ. ಹುಮನಾಬಾದಿನ ಸಹೋದರಿ ಬರೆದದ್ದು ನನಗೆ ಮೊದಲು ಹುಚ್ಚು ಅನಿಸಿತ್ತು. ಮಾವಶಿಯನ್ನು ನೋಡಿದ ಮೇಲೆ ಹಾಗೆ ಅನ್ನುವ ಧೈರ್ಯ ಆಗಲಿಲ್ಲ.

ಎರಡು ತಿಂಗಳ ಹಿಂದೆ ಮಾವಶಿ ನನ್ನನ್ನು ಕರೆದು ಗಾಬರಿಯಿಂದ ಹೇಳಿದಳು: ‘ತಮ್ಮಾ, ಆ ಕುಂಕುಮದ ಹುಡುಗಿ ಬೆರಳಿಗಿ ಪಟ್ಟಿ ಸುತ್ಯಾಳ. ಮೂರು ವಾರ ಆತು, ಇನ್ನಾ ಮಾಯವಲ್ದು. ಸಕ್ಕರಿ ಬ್ಯಾನಿ ಇರಬೇಕು, ಯಾರರೆ ಹೇಳಬಾರದೇನು?’ ಅವತ್ತು ರಾತ್ರಿ ಅವಳ ಜೊತೆ ಕುಳಿತು ನೋಡಿದೆ. ನಿಜ, ಎಡಗೈ ತೋರುಬೆರಳಿಗೆ ಬಿಳಿ ಪಟ್ಟಿ. ಚಾಕುಗಳ ಸೆಟ್ಟು ಮಾರುತ್ತಿದ್ದಳು, ‘ಇವತ್ತೊಂದೇ ದಿನ ಈ ಬೆಲೆ, ಬರೇ ನಲವತ್ತು ಸೆಟ್ಟು ಉಳಿದಿವೆ’ ಅನ್ನುತ್ತಿದ್ದಳು. ನಾಲ್ಕು ದಿನ ಬಿಟ್ಟು ಮತ್ತೆ ನೋಡಿದೆ. ಅದೇ ಸೀರೆ, ಅದೇ ಪಟ್ಟಿ, ಅದೇ ನಲವತ್ತು ಸೆಟ್ಟು, ಅದೇ ಇವತ್ತೊಂದೇ ದಿನ. ಒಂದು ದಿನ ಚಿತ್ರ ಹಿಡಿದದ್ದನ್ನು ತಿಂಗಳುಗಟ್ಟಲೆ ತಿರುಗಿಸುತ್ತಿದ್ದಾರೆ. ಇಂಥದೊಂದು ಕಂಪನಿಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲಿ 10 ಲಕ್ಷ ರೂಪಾಯಿ ದಂಡ ಹಾಕಿ, ಮೊದಲೇ ಚಿತ್ರೀಕರಿಸಿದ ಕಾರ್ಯಕ್ರಮವಾದರೆ ಹಾಗೆಂದು ಸ್ಪಷ್ಟವಾಗಿ ತೋರಿಸಿ, ಇವತ್ತು ಬಿಟ್ಟರೆ ಸಿಗದು ಎಂಬ ಸುಳ್ಳು ಅಭಾವ ಹುಟ್ಟಿಸಬೇಡಿ ಎಂದು ಆದೇಶಿಸಿದ್ದು ಉಂಟು. ನಾವು ನೋಡಿದ ಚಾನೆಲ್‌ನಲ್ಲಿ ಮೂಲೆಯಲ್ಲಿ ಏನೋ ಬರೆದಿತ್ತು. ಕನ್ನಡಕ ಹಾಕಿಕೊಂಡು ಟಿವಿಗೆ ಮೂಗು ಹಚ್ಚಿದರೂ ಓದಲಾಗಲಿಲ್ಲ.

ಹಾಗಾಗಿ ನನ್ನ ಬೇಡಿಕೆ ಎರಡು. ‘ಇದು ಹಳೆಯದು’ ಎಂಬುದನ್ನು ಬೆಲೆಯಷ್ಟೇ ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲಿ ಹಾಕಲಿ. ಮತ್ತು ವಾರಕ್ಕೆ ಒಂದು ತಾಸು, ಅದೇ ಹುಡುಗಿಯನ್ನು, ಅದೇ ಕೋಟಿನವನನ್ನು ನೇರ ಪ್ರಸಾರದಲ್ಲಿ ಕೂರಿಸಿ, ವಾಪಸ್ ಬಂದ ಡಬ್ಬಿಗಳನ್ನು ಅವರ ಕೈಯಿಂದಲೇ ಬಿಚ್ಚಿಸಲಿ. ಬಣ್ಣ ಬಿಟ್ಟದ್ದು, ಬಿರಿದದ್ದು, ಮುರಿದದ್ದು ಎಲ್ಲ ಗಾದಿಯ ಮೇಲೆ ಬೀಳಲಿ. ಕೊಂಡವರು ಫೋನಿನಲ್ಲಿ ಮಾತಾಡಲಿ. ನಮ್ಮ ಮನೆಯವಳು ಮಾತಾಡುತ್ತಾಳೆ, ಬೈಯುವುದಿಲ್ಲ, ನಾನು ಬಲ್ಲೆ. ಎಸರು ಹೇಗಿಡಬೇಕು ಅಂತ ಹೇಳಿಕೊಟ್ಟಾಳು. ಆ ಒಂದು ತಾಸು ಮುಗಿದ ಮೇಲೆ ಆ ಹುಡುಗಿ ಮುಂದಿನ ಯಂತ್ರ ಮಾರುವ ಮೊದಲು ಒಂದು ಉಂಡೆ ಜೋಳದ ಹಿಟ್ಟು ತರಿಸಿ ಇಟ್ಟು ನೋಡುತ್ತಾಳೆ. ನಾನು ಕರ್ಚೀಫ್ ಇಟ್ಟುಕೊಂಡ ಹಾಗೆ.

ಪೇಪರಿಗೆ ಬರೆಯುತ್ತಿದ್ದೇನೆ ಎಂದು ನಿನ್ನೆ ಮಾವಶಿಗೆ ಹೇಳಿದೆ. ಚಿತ್ರ ಹಳೆಯದು, ಬೆರಳು ಯಾವಾಗಲೋ ಮಾಯ್ದಿರುತ್ತದೆ ಅಂತಲೂ ಬಿಡಿಸಿ ಹೇಳಿದೆ. ತಲೆಯಾಡಿಸಿದಳು. ನಾನು ಎದ್ದು ಬಾಗಿಲಿಗೆ ಬಂದಾಗ ಹಿಂದಿನಿಂದ ಕೂಗಿದಳು: ‘ಆದರೂ ತಮ್ಮಾ, ಬರಿಯೋದು ಬರೀಲತ್ತಿ, ಆ ಹುಡುಗಿ ಬೆರಳು ಮಾಯ್ತೇನಂತ ಒಂದು ಮಾತು ಅದರಾಗ ಕೇಳು.’

ಕೇಳಿದ್ದೇನೆ.

ಇತಿ,
ಕಪಡಾ ಬಜಾರಿನ ಒಬ್ಬ ಹಳೆಯ ಗುಮಾಸ್ತ
ಬ್ರಹ್ಮಪುರ, ಕಲಬುರಗಿ